ಅಪ್‌ಡೇಟ್: ಸ್ಲಾಟ್ ಕಾರಿನ ಹಳೇ ಫೋಮ್ ಟೈರ್ ಉಳಿಯಿತು
ಹಳೇ 1/24 ಅಳತೆಯ ಸ್ಲಾಟ್ ಕಾರಿನ (ಟ್ರ್ಯಾಕಿನ ಸೀಳುಗೆರೆಯಲ್ಲಿ ಕರೆಂಟಿನಿಂದ ಓಡುವ ಪುಟ್ಟ ಮಾದರಿ ಕಾರು) ಫೋಮ್ ಟೈರ್ ಗಟ್ಟಿಯಾಗಿ ತಿರುವಿನಲ್ಲಿ ಜಾರುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಹಿಂಭಾಗದ ಎರಡೂ ಟೈರ್ ಉಳಿದವು! ಸಪಾಟಾದ ಹಲಗೆಗೆ ಸ್ಯಾಂಡ್‌ಪೇಪರ್ ಅಂಟಿಸಿ, ಮೋಟರಿಗೆ ಕಡಿಮೆ ವೋಲ್ಟೇಜ್ ಕೊಟ್ಟು, ತಿರುಗುವ ಟೈರನ್ನು ಅದರ ಮೇಲೆ ಹಗುರವಾಗಿ ತಾಗಿಸುತ್ತಾ ಹೋದೆ. ಜಾಸ್ತಿ ಒತ್ತಬೇಡಿ, ಬಿಸಿಯಾಗಿ ಫೋಮ್ ಕಿತ್ತು ಬರುತ್ತದೆ. ಹೊಳೆಯುವ ಗಟ್ಟಿ ಪದರ ಹೋಗಿ ಒಳಗಿನ ಮೆತ್ತನೆ ರಬ್ಬರ್ ಕಂಡಾಗ ತುಂಬಾ ಖುಷಿಯಾಯಿತು. ಮುಂಭಾಗದ ಒಂದು ಟೈರ್ ಮಾತ್ರ ಮುಟ್ಟಿದರೆ ಪುಡಿಯಾಗುತ್ತಿತ್ತು. ಅಂಥದ್ದಕ್ಕೆ ಯಾವ ಎಣ್ಣೆಯೂ ಜೀವ ಕೊಡುವುದಿಲ್ಲ, ರಿಮ್ ಕೆರೆದು ಹೊಸ ಫೋಮ್ ಅಂಟಿಸಿ ತಿಕ್ಕಬೇಕು, ಅಷ್ಟೇ. ನಮ್ಮ ವಿಜಯಪುರದ ಬಿಸಿಲು ಗೊತ್ತಲ್ವಾ, ಅದಕ್ಕೇ ಕಾರನ್ನು ಈಗ ಕತ್ತಲೆ ಕಪಾಟಿನಲ್ಲಿ, ಚಾಸಿಸ್ ಕೆಳಗೆ ಮರದ ತುಂಡು ಕೊಟ್ಟು ಇಟ್ಟಿದ್ದೇನೆ. ಟೈರ್ ಮೇಲೆ ಭಾರ ಬೀಳದಿದ್ದರೆ ಚಪ್ಪಟೆಯಾಗುವುದಿಲ್ಲ.