ಇನ್ನೂ ಮಾರುಕಟ್ಟೆಗೆ ಬಾರದ ಮಾತ್ರೆಗೆ ಕಂಪನಿ ಹೆದರುತ್ತಾ?

ಪ್ರಶ್ನೆ: ಸರ್, ನಮ್ಮ ಅಪ್ಪ ಶುಗರ್‌ಗೆ ಎಂಪಾಗ್ಲಿಫ್ಲೋಜಿನ್ ತಗೋತಾರೆ. ಒಂದು ಮಾತ್ರೆಗೆ 60 ರೂಪಾಯಿ ಹತ್ತಿರ ಕೊಡುತ್ತಿದ್ದೆವು. 2025ರ ಮಾರ್ಚ್‌ನಲ್ಲಿ ಪೇಟೆಂಟ್ ಮುಗಿಯಿತು, ಈಗ ಬೇರೆ ಕಂಪನಿಗಳದ್ದು 10 ರೂಪಾಯಿಯೊಳಗೂ ಸಿಗುತ್ತಿದೆ. ಇದು ಅರ್ಥವಾಯಿತು. ಆದರೆ ಎದುರಾಳಿ ಬರುವ ಮೊದಲೇ, ಬರ್ತಾನೆ ಅನ್ನೋ ಭಯಕ್ಕೇ ಬೆಲೆ ಇಳಿಯುವುದುಂಟಾ?

ಉತ್ತರ: ಉಂಟು. ಆದರೆ ಸುಮ್ನೆ ಹೆದರಿಸಿದರೆ ಯಾರೂ ಇಳಿಸಲ್ಲ.

2012ರ ಮಾರ್ಚ್‌ನಲ್ಲಿ ನಮ್ಮ ಪೇಟೆಂಟ್ ಕಚೇರಿ ಬೇಯರ್ ಕಂಪನಿಯ ಕ್ಯಾನ್ಸರ್ ಔಷಧ ಸೊರಾಫೆನಿಬ್ ಅನ್ನು ತಯಾರಿಸಲು ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಕಡ್ಡಾಯ ಪರವಾನಗಿ ಕೊಟ್ಟಿತು, ಅಂದರೆ ಪೇಟೆಂಟ್ ಇದ್ದವರು ಒಪ್ಪದಿದ್ದರೂ ತಯಾರಿಸಲು ಅನುಮತಿ. ತಿಂಗಳಿಗೆ 2.8 ಲಕ್ಷ ಇದ್ದದ್ದು 8,880 ರೂಪಾಯಿ! ಇಂಥದ್ದು ನಮಗೂ ಆಗಬಹುದು ಅಂತ ಉಳಿದ ಕಂಪನಿಗಳಿಗೂ ಗೊತ್ತಾಯಿತು. ಸ್ತನ ಕ್ಯಾನ್ಸರ್‌ನ ಹರ್ಸೆಪ್ಟಿನ್ ಮಾರುತ್ತಿದ್ದ ರೋಶ್, 2012ರಲ್ಲೇ ಅದೇ ಔಷಧವನ್ನು ಬೇರೆ ಹೆಸರಲ್ಲಿ, ಕಡಿಮೆ ಬೆಲೆಗೆ ತಂದಿತು. 2013ರಲ್ಲಿ ಇಲ್ಲಿನ ಪೇಟೆಂಟನ್ನೂ ಕೈಬಿಟ್ಟಿತು. ನಮ್ಮ ಬೆಂಗಳೂರಿನ ಬಯೋಕಾನ್ ತಯಾರಿಸಿದ ಎದುರಾಳಿ ಔಷಧ ಮಾರುಕಟ್ಟೆಗೆ ಬಂದದ್ದು 2014ರಲ್ಲಿ. ವರ್ಷಗಳನ್ನು ಸಾಲಾಗಿ ಇಟ್ಟು ನೋಡಿ, ಬೆಲೆ ಮೊದಲು ಇಳಿದಿದೆ, ಎದುರಾಳಿ ಆಮೇಲೆ ಬಂದಿದ್ದಾನೆ. ಕಡ್ಡಾಯ ಪರವಾನಗಿ ಒಂದೇ ಕಾರಣ ಅಂತ ನಾನು ಹೇಳಲ್ಲ, ಆದರೆ ಅದರ ಬಿಸಿ ತಟ್ಟಿತ್ತು ಅನ್ನೋದು ನನ್ನ ಲೆಕ್ಕ.

ಇನ್ನೊಬ್ಬರ ಪ್ರಶ್ನೆ: ಹಾಗಾದರೆ ಪೇಟೆಂಟ್ ಇಲ್ಲದ ಹಳೇ ಔಷಧಕ್ಕೆ ಯಾವಾಗಲೂ ಬೆಲೆ ಕಡಿಮೆ ಇರಬೇಕು ಅಲ್ವಾ?

ಉತ್ತರ: ಇರಬೇಕು, ಇರಲ್ಲ. ಅಮೆರಿಕದಲ್ಲಿ ಟಾಕ್ಸೊಪ್ಲಾಸ್ಮೋಸಿಸ್ ಅನ್ನೋ ಸೋಂಕಿಗೆ ಕೊಡುವ ಡಾರಾಪ್ರಿಮ್ ನೋಡಿ. 1950ರ ದಶಕದ ಔಷಧ, ಪೇಟೆಂಟ್ ಯಾವತ್ತೋ ಮುಗಿದಿತ್ತು. 2015ರಲ್ಲಿ ಅದನ್ನು ಕೊಂಡ ಕಂಪನಿ ಒಂದು ಮಾತ್ರೆಯನ್ನು 13.50 ಡಾಲರ್‌ನಿಂದ 750 ಡಾಲರ್‌ಗೆ ಏರಿಸಿತು. ಅಷ್ಟು ಧೈರ್ಯ ಹೇಗೆ ಬಂತು? ರೋಗಿಗಳು ಕಡಿಮೆ, ಹಾಗಾಗಿ ಬೇರೆಯವರು ತಯಾರಿಸಿರಲಿಲ್ಲ. ಈಗ ಶುರು ಮಾಡಿದರೂ ಅನುಮತಿಗೆ ವರ್ಷಗಟ್ಟಲೆ ಬೇಕು. ಅದಕ್ಕೂ ಮೂಲ ಮಾತ್ರೆಯ ಜೊತೆ ಹೋಲಿಸಿ ತೋರಿಸಬೇಕು. ಆ ಮಾತ್ರೆಯೇ ಎದುರಾಳಿಗಳ ಕೈಗೆ ಸಿಗದ ಹಾಗೆ ಮಾರಾಟವನ್ನು ಬಿಗಿ ಮಾಡಿಕೊಂಡಿದ್ದರು. ಅಲ್ಲಿ ಮೊದಲ ಜೆನೆರಿಕ್‌ಗೆ, ಅಂದರೆ ಬೇರೆ ಕಂಪನಿ ತಯಾರಿಸಿದ ಅದೇ ಔಷಧಕ್ಕೆ, ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ.

ಮೊದಲ ಪ್ರಶ್ನೆ ಕೇಳಿದವರು: ನಮ್ಮ ಮೆಡಿಕಲ್‌ನಲ್ಲಿ ಈಗಲೂ ದುಬಾರಿ ಬ್ರ್ಯಾಂಡೇ ಕೊಡ್ತಾರೆ ಸರ್. ಅಷ್ಟು ಕಂಪನಿ ಇದ್ದೂ ಯಾಕೆ ಹೀಗೆ?

ಉತ್ತರ: ಮಾತ್ರೆ ಆರಿಸೋದು ಡಾಕ್ಟರ್, ದುಡ್ಡು ಕೊಡೋದು ನೀವು. ಕಂಪನಿಗಳ ಪೈಪೋಟಿ ಜಾಸ್ತಿ ನಡೆಯೋದು ಚೀಟಿಯಲ್ಲಿ ತಮ್ಮ ಹೆಸರು ಬರಲಿ ಅಂತ. ಅಂಗಡಿಗೆ ಸಿಗುವ ಮಾರ್ಜಿನ್ ಇನ್ನೊಂದು ಕಥೆ. ಡಾಕ್ಟರ್ ಹತ್ತಿರ ಕಡಿಮೆ ಬೆಲೆಯದು ಬರೆದುಕೊಡಿ ಅಂತ ಕೇಳಿ, ಸಂಕೋಚ ಬೇಡ. ಎಂಪಾ ಜೊತೆ ಲಿನಾಗ್ಲಿಪ್ಟಿನ್ ಸೇರಿಸಿದ ಮಾತ್ರೆಯೂ ಇದೆ. ಅಪ್ಪನದು ಯಾವುದು, ಎಷ್ಟು ಎಂಜಿ ಅಂತ ನೋಡಿಕೊಂಡು ಹೋಗಿ.

ಮೊದಲ ಪ್ರಶ್ನೆ ಕೇಳಿದವರು: 10 ಎಂಜಿ, ಏನೂ ಸೇರಿಸಿಲ್ಲ. ಶನಿವಾರ ಹೋದಾಗ ಕೇಳ್ತೀನಿ ಸರ್.