ಸಹಾಯ ಬೇಕು: ‘ನಾನು ಅಯೋಗ್ಯ’ ಎಂದು ಪ್ರಭು ಭೋಜನ ಬಿಡುವವರಿಗೆ ಪಾಠ

ಎಲ್ಲರಿಗೂ ವಂದನೆ. ಪಾಪದ ಅಳುಕಿನಿಂದ ಪ್ರಭು ಭೋಜನ (ಯೇಸುವಿನ ನೆನಪಿಗೆ ಸಭೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಳ್ಳದೆ ಹಿಂದೆ ಉಳಿಯುವವರಿಗಾಗಿ ಒಂದು ಗಂಟೆಯ ಬೈಬಲ್ ಅಧ್ಯಯನ ಸಿದ್ಧವಾಗುತ್ತಿದೆ. ಅವರನ್ನು ಹೆದರಿಸುವುದು ಹೆಚ್ಚಾಗಿ 1 ಕೊರಿಂಥ 11:27, ಅಂದರೆ ಅಯೋಗ್ಯವಾಗಿ ಇದನ್ನು ತಿಂದು ಕುಡಿಯುವವನು ಅಪರಾಧಿ ಎನ್ನುವ ವಚನ. ಅದನ್ನು 20ನೇ ವಚನದಿಂದಲೇ ಓದಬೇಕು: ಈ ಪತ್ರ ಬರೆದ ಪೌಲ ಗದರುವುದು ಬಡವರನ್ನು ಹಸಿದಿರಲು ಬಿಟ್ಟು ತಾವು ಮೊದಲೇ ಉಂಡು ಕುಡಿದವರನ್ನು, ಮನಸ್ಸು ಕುಗ್ಗಿದವರನ್ನಲ್ಲ. 28ನೇ ವಚನವೂ ಪರೀಕ್ಷಿಸಿಕೊಂಡು ತಿನ್ನಲಿ ಎನ್ನುತ್ತದೆ, ಬಿಡಲಿ ಎನ್ನುವುದಿಲ್ಲ. ಆಮೇಲೆ ಲೂಕ 5:8-10: ‘ನಾನು ಪಾಪಿ, ನನ್ನನ್ನು ಬಿಟ್ಟುಹೋಗು’ ಎಂದ ಪೇತ್ರನಿಗೆ ಯೇಸು ‘ಹೆದರಬೇಡ’ ಎನ್ನುತ್ತಾನೆ. ನಂಬಿಕೆಯ ಮೂಲಕ ಕೃಪೆಯಿಂದಲೇ ರಕ್ಷಣೆ ಎನ್ನುವ ಎಫೆಸ 2:8-9 ಮೊದಲಿಗೇ ಬೇಡ; ‘ನನ್ನ ನಂಬಿಕೆಯೇ ಸಾಲದು’ ಎಂದು ಅದನ್ನೂ ತಪ್ಪಿನ ಪಟ್ಟಿಗೆ ಸೇರಿಸಿಕೊಳ್ಳುತ್ತಾರೆ.

ತೊಡಕು ಇಲ್ಲಿದೆ: ಇತರರಿಗೆ ಮಾಡಿದ ಅನ್ಯಾಯ ಸರಿಪಡಿಸದವರಿಗೆ ಮತ್ತಾಯ 5:23-24 (ಕಾಣಿಕೆ ಕೊಡುವ ಮೊದಲು ಹೋಗಿ ಸಹೋದರನೊಡನೆ ಸಮಾಧಾನವಾಗು) ಹೇಳಲೇಬೇಕು, ಆದರೆ ಅದು ಕೃಪೆಗೆ ಕಟ್ಟುವ ಬೆಲೆ ಅನ್ನಿಸಬಾರದು. ಸುಂಕ ವಸೂಲಿಗಾರ ಜಕ್ಕಾಯನ (ಲೂಕ 19:1-10) ಕ್ರಮ ಸಾಕೇ? ಅಲ್ಲಿ ಯೇಸು ಮನೆಗೆ ಬಂದದ್ದು ಮೊದಲು, ನಾಲ್ಕರಷ್ಟು ಹಿಂತಿರುಗಿಸುವ ಮಾತು ಆಮೇಲೆ. ಇದಕ್ಕಿಂತ ಒಳ್ಳೆಯ ವಾಕ್ಯಭಾಗವಿದ್ದರೆ ದಯವಿಟ್ಟು ತಿಳಿಸಿ.