‘ಶೆಲ್‌ಫಿಶ್’ ಎಂಬುದನ್ನು ಕನ್ನಡದಲ್ಲಿ ಹೇಗೆ ಹೇಳಬೇಕು?

ಮಾನ್ಯರೇ,

ಮುಂಬಯಿಯ ಕನ್ನಡಿಗರಿಗಾಗಿ ಸಿದ್ಧವಾಗುತ್ತಿರುವ, ಆಹಾರದ ಅಲರ್ಜಿಗಳನ್ನು ಕುರಿತ ಕಿರುಹೊತ್ತಗೆಯೊಂದರ ಕರಡನ್ನು ನೋಡುತ್ತಿರುವಾಗ ‘ಶೆಲ್‌ಫಿಶ್’ ಎಂಬ ಪದಕ್ಕೆ ಉದ್ದಕ್ಕೂ ‘ಚಿಪ್ಪುಮೀನು’ ಎಂದು ಬರೆದಿರುವುದನ್ನು ಕಂಡೆನು. ಪದಕ್ಕೆ ಪದವಿಟ್ಟು ನೋಡಿದರೆ ಇದು ಸರಿಯೆಂದೇ ತೋರುತ್ತದೆ. ಆದರೆ ಔಷಧ ಮತ್ತು ಆಹಾರದ ವಿಷಯದಲ್ಲಿ ಈ ಪದ ಓದುಗರಿಗೆ ತೊಂದರೆಯನ್ನುಂಟುಮಾಡಬಲ್ಲದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಂಗ್ಲಿಷಿನ ಈ ಒಂದು ಪದದೊಳಗೆ ಪರಸ್ಪರ ದೂರದ ಎರಡು ಜೀವಿವರ್ಗಗಳು ಸೇರಿಕೊಂಡಿವೆ. ಸಿಗಡಿ, ಏಡಿ, ಲಾಬ್‌ಸ್ಟರ್‌ಗಳು ಒಂದು ವರ್ಗ. ನಮ್ಮ ಪಠ್ಯಪುಸ್ತಕಗಳು ಇವನ್ನು ಕಠಿಣಚರ್ಮಿಗಳು ಎನ್ನುತ್ತವೆ. ಮರುವಾಯಿ (ಕ್ಲ್ಯಾಮ್), ಪಚ್ಚಿಲೆ (ಮಸೆಲ್), ಆಯ್‌ಸ್ಟರ್ ಮೊದಲಾದವು ಮೃದ್ವಂಗಿಗಳು. ಇವುಗಳಲ್ಲಿ ಯಾವುದೂ ಮೀನಲ್ಲ, ಯಾವುದಕ್ಕೂ ಬೆನ್ನೆಲುಬಿಲ್ಲ. ನೀರಿನಲ್ಲಿ ಬದುಕುವುದನ್ನೆಲ್ಲ ‘ಫಿಶ್’ ಎಂದು ಕರೆಯುತ್ತಿದ್ದ ಹಳೆಯ ಇಂಗ್ಲಿಷ್ ರೂಢಿಯಿಂದ ಈ ಹೆಸರು ಉಳಿದುಬಂದಿದೆ. ನಾವು ‘ನಕ್ಷತ್ರಮೀನು’ ಎಂದು ಅನುವಾದಿಸಿಕೊಂಡಿರುವ ಪದವೂ ಅದೇ ರೂಢಿಯದು.

ನನ್ನ ಮುಖ್ಯ ಆಕ್ಷೇಪವಿರುವುದು ‘ಚಿಪ್ಪು’ ಎಂಬ ಭಾಗದ ಬಗ್ಗೆ. ಇಂಗ್ಲಿಷಿನವರು ಸಿಗಡಿಯ ಹೊದಿಕೆಗೂ ಮರುವಾಯಿಯ ಹೊದಿಕೆಗೂ ‘ಶೆಲ್’ ಎಂಬ ಒಂದೇ ಪದವನ್ನು ಬಳಸಿದರೆ, ಕನ್ನಡ ಅವೆರಡನ್ನೂ ಬೇರೆಬೇರೆಯಾಗಿ ಕಾಣುತ್ತದೆ. ಮುಂಬಯಿಯ ಸಿಟಿಲೈಟ್ ಚಿತ್ರಮಂದಿರದ ಬಳಿಯ ಮೀನುಮಾರುಕಟ್ಟೆಯಲ್ಲಿ ಕೋಲಿ ಎಂಬ ಮೀನುಗಾರ ಸಮುದಾಯದ ಹೆಂಗಸರು ಕೆಲಸಮಾಡುವುದನ್ನು ಗಮನಿಸಿದರೆ ಈ ಭೇದ ಕಣ್ಣಿಗೇ ಕಾಣುತ್ತದೆ. ತಿಸ್ರ್ಯಾ ಎಂದು ಅವರು ಮಾರುವ ಮರುವಾಯಿಯನ್ನು ಕತ್ತಿಯ ಅಂಚಿಗೆ ಒತ್ತಿ ಎರಡಾಗಿ ಬಿಡಿಸಿ, ಮಾಂಸವನ್ನೆಲ್ಲ ಒಂದು ಹೋಳಿಗೆ ಸರಿಸಿ, ಬರಿದಾದ ಇನ್ನೊಂದು ಹೋಳನ್ನು ಎಸೆಯುತ್ತಾರೆ. ಪಕ್ಕದಲ್ಲೇ ಸಿಗಡಿಯ ತಲೆಯನ್ನು ಮುರಿದು, ಮೈಮೇಲಿನದನ್ನು ಸುಲಿದು, ಬೆನ್ನಿನ ಕಪ್ಪು ನರವನ್ನು ಎಳೆದು ತೆಗೆಯುತ್ತಾರೆ. ಮೊದಲನೆಯದು ನಮಗೆ ಚಿಪ್ಪು, ಎರಡನೆಯದು ಸಿಪ್ಪೆ. ತೆಂಗಿಗೆ, ಆಮೆಗೆ, ಮುತ್ತಿಗೆ ಚಿಪ್ಪು. ಬಾಳೆಹಣ್ಣಿಗೆ ಮತ್ತು ಸಿಗಡಿಗೆ ಸಿಪ್ಪೆ. ಏಡಿಯ ಬೆನ್ನನ್ನು ಕೆಲವರು ಚಿಪ್ಪೆನ್ನುವುದುಂಟು, ಆದರೆ ಸಿಗಡಿಯ ಚಿಪ್ಪನ್ನು ಸುಲಿಯಿರೆಂದು ಯಾವ ಅಡುಗೆಮನೆಯಲ್ಲಿಯೂ ಹೇಳುವುದಿಲ್ಲ.

ಹಾಗಾಗಿ ‘ಚಿಪ್ಪುಮೀನಿನ ಅಲರ್ಜಿ’ ಎಂದು ಓದಿದ ಮನೆಯೊಡತಿ ಮರುವಾಯಿಯನ್ನು ದೂರವಿಟ್ಟು, ಈ ಅಲರ್ಜಿಗೆ ಬಹುಮಟ್ಟಿಗೆ ಕಾರಣವಾಗುವ ಸಿಗಡಿಯನ್ನೇ ಬಡಿಸಿಬಿಡಬಹುದು. ಇಲ್ಲಿನ ಅಂಗಡಿಗಳಲ್ಲಿ ಸಿಗುವ ಜವಳಾ ಎಂಬ ಒಣಗಿದ ಪುಟ್ಟ ಸಿಗಡಿ ನೋಡುವುದಕ್ಕೆ ನೂಲಿನ ತುಣುಕಿನಂತಿದ್ದು, ಚಟ್ನಿಯಲ್ಲಿ ಅರೆದುಹೋದ ಮೇಲೆ ಗುರುತೇ ಸಿಗುವುದಿಲ್ಲ. ಅದನ್ನು ‘ಚಿಪ್ಪುಮೀನು’ ಎಂದು ಯಾರು ತಾನೆ ಭಾವಿಸಿಯಾರು? ಬೊಂಡಾಸಿಗಂತೂ (ಸ್ಕ್ವಿಡ್) ಹೊರಚಿಪ್ಪೇ ಇಲ್ಲ, ಆದರೂ ಅದು ಮೃದ್ವಂಗಿ.

‘ಮೀನು’ ಎಂಬ ಭಾಗವೂ ಅಷ್ಟೇ ತೊಡಕಿನದು. ಸಿಗಡಿ ಮತ್ತು ಏಡಿಗಳಲ್ಲಿ ಅಲರ್ಜಿಗೆ ಮುಖ್ಯ ಕಾರಣ ಟ್ರೋಪೋಮಯೋಸಿನ್ ಎಂಬ ಪ್ರೋಟೀನ್. ಮೃದ್ವಂಗಿಗಳಲ್ಲಿಯೂ ಅದನ್ನು ಹೋಲುವ ಪ್ರೋಟೀನ್ ಇರುವುದರಿಂದ ಸಿಗಡಿ ಆಗದ ಕೆಲವರಿಗೆ ಮರುವಾಯಿಯೂ ಆಗುವುದಿಲ್ಲ. ಮೀನಿನ ಅಲರ್ಜಿಗೆ ಮುಖ್ಯ ಕಾರಣ ಪಾರ್ವಾಲ್ಬ್ಯುಮಿನ್ ಎಂಬ ಬೇರೊಂದು ಪ್ರೋಟೀನ್. ಆದ್ದರಿಂದ ಸಿಗಡಿ ಆಗದವರೆಲ್ಲ ಬಂಗುಡೆ, ಅಂಜಲ್‌ಗಳನ್ನು ಬಿಡಬೇಕೆಂದೇನೂ ಇಲ್ಲ. ವೈದ್ಯರು ಪರೀಕ್ಷಿಸಿ ನಿರ್ಧರಿಸಬೇಕಾದ ಈ ವ್ಯತ್ಯಾಸವನ್ನು ಒಂದು ಸಡಿಲವಾದ ಅನುವಾದ ಅಳಿಸಿಹಾಕಬಾರದು.

ಕಾನೂನಿನ ಭಾಷೆಯೂ ಈ ಭೇದವನ್ನು ಮಾನ್ಯಮಾಡಿದೆ. ಭಾರತದ 2020ರ ಆಹಾರ ಲೇಬಲಿಂಗ್ ನಿಯಮಗಳು ಅಲರ್ಜಿಕಾರಕಗಳ ಪಟ್ಟಿಯಲ್ಲಿ ಮೀನನ್ನೂ ಕಠಿಣಚರ್ಮಿಗಳನ್ನೂ ಬೇರೆಬೇರೆಯಾಗಿ ಹೆಸರಿಸುತ್ತವೆ, ಮೃದ್ವಂಗಿಗಳನ್ನು ಹೆಸರಿಸುವುದಿಲ್ಲ. ಯುರೋಪಿನ ಒಕ್ಕೂಟದ 14 ಅಲರ್ಜಿಕಾರಕಗಳ ಪಟ್ಟಿಯಲ್ಲಿ ಈ ಮೂರಕ್ಕೂ ಪ್ರತ್ಯೇಕ ಸ್ಥಾನವಿದೆ.

ಇವೆಲ್ಲವನ್ನೂ ಗಮನಿಸಿದರೆ ಹೊಸದೊಂದು ಪಾರಿಭಾಷಿಕ ಪದವನ್ನು ಟಂಕಿಸುವುದಕ್ಕಿಂತ ಜೀವಿಗಳ ಹೆಸರನ್ನೇ ಹೇಳುವುದು ಮೇಲು. ‘ಸಿಗಡಿ, ಏಡಿ ಜಾತಿಯವು’ ಎಂದೂ ‘ಮರುವಾಯಿ, ಪಚ್ಚಿಲೆ, ಬೊಂಡಾಸ್ ಜಾತಿಯವು’ ಎಂದೂ ಎರಡಾಗಿ ಬರೆಯಬಹುದೆಂದು ನಾನು ಸೂಚಿಸಿದ್ದೇನೆ. ಆದರೆ ಮುಂಬಯಿಯ ಕನ್ನಡಿಗರು ಒಂದೇ ಊರಿನವರಲ್ಲ. ಮನೆಯಲ್ಲಿ ತುಳು ಆಡುವವರಿಗೆ ಸಿಗಡಿ ಎಟ್ಟಿಯಾದರೆ ಏಡಿ ಡೆಂಜಿ. ಉತ್ತರ ಕನ್ನಡದವರಿಗೆ ಸಿಗಡಿ ಶೆಟ್ಲಿ, ಮರುವಾಯಿ ಬಳಚು. ಕೊಂಕಣಿಯವರಿಗೆ ಸಿಗಡಿ ಸುಂಗಟ, ಏಡಿ ಕುರ್ಲಿ. ಬಯಲುಸೀಮೆಯಿಂದ ಬಂದು ನೆಲೆಸಿದವರಲ್ಲಿ ಅನೇಕರಿಗೆ ಸಿಗಡಿ, ಏಡಿಗಳ ಪರಿಚಯವಿದ್ದರೂ ಪಚ್ಚಿಲೆಯ ಹೆಸರೇ ಹೊಸದು. ಆದ್ದರಿಂದ ಪ್ರತಿ ಹೆಸರಿನ ಪಕ್ಕದಲ್ಲಿ ಪ್ರಾದೇಶಿಕ ಹೆಸರುಗಳನ್ನೂ ಇಲ್ಲಿನ ಮಾರುಕಟ್ಟೆಯ ಮರಾಠಿ ಹೆಸರನ್ನೂ ಒಂದು ಚಿತ್ರವನ್ನೂ ಕೊಡಬೇಕೆಂದು ಕೇಳಿಕೊಂಡಿದ್ದೇನೆ.

ಕಾರವಾರ, ಅಂಕೋಲಾ, ಕುಮಟಾ ಕಡೆಯ ಬಳಕೆ ಬಲ್ಲವರಲ್ಲಿ ನನ್ನದೊಂದು ಪ್ರಶ್ನೆ. ನಿಮ್ಮ ಮನೆಗಳಲ್ಲಿ ‘ಬಳಚು’ ಎಂದರೆ ನದೀಮುಖದ ಒಂದು ನಿರ್ದಿಷ್ಟ ಜಾತಿಯೋ, ಅಥವಾ ಎರಡು ಚಿಪ್ಪುಳ್ಳ ಎಲ್ಲವನ್ನೂ ಹಾಗೆಯೇ ಕರೆಯುತ್ತೀರೋ? ಎರಡನೆಯ ಬಳಕೆಯೂ ಇದ್ದರೆ ಕೈಪಿಡಿಯಲ್ಲಿ ‘ಮರುವಾಯಿ’ಯ ಜೊತೆಗೆ ಅದನ್ನೂ ವರ್ಗದ ಹೆಸರಾಗಿಯೇ ಸೇರಿಸಬಹುದು.